ಡಿವಿಜಿ ಮನೆಯಲ್ಲಿ ಗೀತೆಯೂ ಇತ್ತು, ಜೀವವಿಕಾಸವೂ ಇತ್ತು

ಇದು ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ. ಇಯರ್‌ಫೋನ್ ಮನೇಲೇ ಮರೆತು ಬಂದವರು, ಬಸ್ಸಿನ ಗಲಾಟೆಯಲ್ಲಿ ಅರ್ಧಂಬರ್ಧ ಕೇಳಿಸಿಕೊಂಡವರು ಇಲ್ಲಿ ಓದ್ಕೊಳ್ಳಿ.

ಹೋದ ಸಂಚಿಕೆಯಲ್ಲಿ ಹತ್ತನೇ ಕ್ಲಾಸಿನ ಪುಸ್ತಕದ ವಿಷಯ ಮಾತಾಡಿದ್ದೆ. ಮಕ್ಕಳ ಹೊರೆ ಇಳಿಸ್ತೀವಿ ಅಂತ ಎನ್‌ಸಿಇಆರ್‌ಟಿ ಪಾಠಗಳನ್ನ ಕಡಿಮೆ ಮಾಡಿತು. 'ಅನುವಂಶೀಯತೆ ಮತ್ತು ಜೀವವಿಕಾಸ' ಅನ್ನೋ ಅಧ್ಯಾಯ 2023ರ ಹೊಸ ಪುಸ್ತಕದಲ್ಲಿ ಬರೀ 'ಅನುವಂಶೀಯತೆ' ಆಗಿ ಉಳೀತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನ ವಿರೋಧಿಸಿ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ಕ್ಲಾಸಿನ ಜೀವಶಾಸ್ತ್ರದಲ್ಲಿ ಆ ಪಾಠ ಇನ್ನೂ ಇದೆ. ಆದರೆ ಪಿಯುಸಿಯಲ್ಲಿ ಕಾಮರ್ಸೋ ಆರ್ಟ್ಸೋ ತಗೊಂಡ ಮಗು ಅದನ್ನ ಯಾವತ್ತೂ ನೋಡೋದೇ ಇಲ್ಲ.

ಆ ಸಂಚಿಕೆಗೆ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ಮೂರು ನಮ್ಮ ಕೋಲಾರ ಜಿಲ್ಲೆಯವೇ. ಶ್ರೀನಿವಾಸಪುರದ ಒಬ್ಬ ಪಿಯುಸಿ ಹುಡುಗ ಕೇಳ್ತಾನೆ: "ಅಣ್ಣಾ, ಡಾರ್ವಿನ್ ಹೇಳಿದ್ದೆಲ್ಲಾ ನಮ್ಮ ದಶಾವತಾರದಲ್ಲೇ ಇದೆ ಅಂತಾರೆ, ನಿಜಾನಾ?" ಮಾಲೂರಿನ ಒಬ್ಬರು: "ದೇವರನ್ನ ನಂಬೋರಿಗೆ ವಿಕಾಸವಾದ ಹೇಳಿಕೊಡೋದು ಟೈಮ್ ವೇಸ್ಟ್ ಅಲ್ವಾ ಸಾರ್?" ಮೂರನೇದು ಮುಳಬಾಗಿಲಿನಲ್ಲಿ ಬಿ.ಇಡಿ ಓದ್ತಿರೋ ಹೆಣ್ಣುಮಗಳದು. "ನಾನು ಈ ಪುಸ್ತಕ ಓದೋದು ನೋಡಿ ನಮ್ಮ ಅಬ್ಬಾ ಬೈಲಿಲ್ಲ. 'ಇದನ್ನ ಓದಿದ ಮೇಲೂ ನೀನು ನಮ್ಮವಳಾಗೇ ಇರ್ತೀಯಾ ಬೇಟಾ' ಅಂತ ಕೇಳಿದ್ರು. ನಂಗೆ ಬಾಯೇ ಬರಲಿಲ್ಲ."

ಮೂರಕ್ಕೂ ಒಂದೇ ಉತ್ತರ ಇಲ್ಲ. ಆದರೆ ಮುಳಬಾಗಿಲು ಅಂದ ತಕ್ಷಣ ನನಗೆ ನೆನಪಾಗೋದು ಒಂದು ಮನೆತನ. ಅಲ್ಲಿಂದಲೇ ಶುರು ಮಾಡ್ತೀನಿ.

ಡಿ.ವಿ. ಗುಂಡಪ್ಪ ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಮೆಟ್ರಿಕ್ ಕೂಡ ಪಾಸಾಗಲಿಲ್ಲ. ಕಗ್ಗ ಬರೆದರು. ಭಗವದ್ಗೀತೆಯ ಬಗ್ಗೆ ಬರೆದ ದೊಡ್ಡ ಪುಸ್ತಕಕ್ಕೆ 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟು ನಿಮಗೆ ಗೊತ್ತಿರುತ್ತೆ. ಅವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರಜ್ಞ. ಕನ್ನಡದಲ್ಲಿ ಅವರು ಹೆಸರಾಗಿದ್ದು 'ಹಸುರು ಹೊನ್ನು' ಪುಸ್ತಕದಿಂದ, ಅದಕ್ಕೂ 1978ರಲ್ಲಿ ಅದೇ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಸ್ವಾಮಿ ಅವರ ವೃತ್ತಿಯ ತಿರುಳು ಇದ್ದಿದ್ದು ಬೇರೆ ಕಡೆ: ಹೂ ಬಿಡುವ ಗಿಡಗಳು ಹೇಗೆ ವಿಕಾಸವಾದವು ಅನ್ನೋ ಪ್ರಶ್ನೆಯಲ್ಲಿ.

1940ರ ದಶಕದ ಕೊನೆಯಲ್ಲಿ ಅವರು ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಬೈಲಿ ಅನ್ನೋ ಸಸ್ಯಶಾಸ್ತ್ರಜ್ಞರ ಜೊತೆ ಕೆಲಸ ಮಾಡಿದರು. 1948ರಲ್ಲಿ ಇಬ್ಬರೂ ಸೇರಿ ಆಂಬೊರೆಲ್ಲಾ ಅನ್ನೋ ಒಂದು ಗಿಡದ ಬಗ್ಗೆ ಸಂಶೋಧನಾ ಲೇಖನ ಬರೆದರು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪ ಬಿಟ್ಟರೆ ಆ ಗಿಡ ಕಾಡಿನಲ್ಲಿ ಬೇರೆಲ್ಲೂ ಬೆಳೆಯಲ್ಲ. ನೋಡೋಕೆ ಸಾಧಾರಣ ಪೊದೆ, ಪುಟಾಣಿ ಹೂ. ಆದರೆ ಕಾಂಡ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಹುತೇಕ ಹೂಗಿಡಗಳಲ್ಲಿ ನೀರು ಏರೋಕೆ ಇರುವ ಅಗಲವಾದ ಕೊಳವೆಗಳು ಇದರಲ್ಲಿ ಇಲ್ಲವೇ ಇಲ್ಲ. ಪೈನ್ ಮರಗಳ ಹಾಗೆ ಸಣ್ಣ ಸಣ್ಣ ಕೋಶಗಳ ಮೂಲಕವೇ ನೀರು ಹತ್ತಬೇಕು. ಇದು ಹೊಸ ಬಗೆ ಅಂತ ಬೈಲಿ–ಸ್ವಾಮಿ ಗುರುತಿಸಿದರು.

ಐವತ್ತು ವರ್ಷ ಬಿಟ್ಟು, 1999ರಲ್ಲಿ, ಬೇರೆ ಬೇರೆ ತಂಡಗಳು ಹೂಗಿಡಗಳ ಡಿಎನ್‌ಎ ಹೋಲಿಸಿ ವಂಶವೃಕ್ಷ ಕಟ್ಟಿದವು. ಉಳಿದೆಲ್ಲಾ ಹೂಗಿಡಗಳಿಂದ ಮೊದಲು ಬೇರೆಯಾದ ಕೊಂಬೆ ಯಾವುದು? ಅದೇ ಆಂಬೊರೆಲ್ಲಾ. ಮಾವು, ಹುಣಸೆ, ಟೊಮೆಟೊ, ಗುಲಾಬಿ ಎಲ್ಲ ಒಂದು ಕಡೆ, ಈ ಪೊದೆ ಒಂದು ಕಡೆ. ಹಾಗಂತ ಅದು ಇವಕ್ಕೆಲ್ಲ ಅಜ್ಜಿ ಅಲ್ಲ. ಭಾಳ ಹಿಂದೆ ಭಾಗ ಆಗಿ ಹೋದ ದಾಯಾದಿ.

ಅಪ್ಪ ಗೀತೆ, ಮಗ ವಿಕಾಸ. ಊಟಕ್ಕೆ ಕೂತಾಗ ಇಬ್ಬರೂ ಏನು ಮಾತಾಡಿಕೊಂಡರು ಅಂತ ನಾನು ಕಥೆ ಕಟ್ಟೋಕೆ ಹೋಗಲ್ಲ. ಎರಡು ಓದೂ ಒಂದೇ ಮನೆತನದಲ್ಲಿ ಇದ್ದವು, ಎರಡೂ ಕನ್ನಡಕ್ಕೆ ಒಳ್ಳೆಯ ಪುಸ್ತಕ ಕೊಟ್ಟವು. ಇಷ್ಟು ಮಾತ್ರ ದಾಖಲೆ.

ಈಗ ಪದಗಳ ಬಗ್ಗೆ ಸ್ವಲ್ಪ. ನಮ್ಮ ಅರ್ಧ ಜಗಳ ಹುಟ್ಟೋದು ಕನ್ನಡದ ಎರಡು ಪದಗಳಿಂದ ಅಂತ ನನ್ನ ಅನಿಸಿಕೆ. 'ವಿಕಾಸವಾದ' ಅಂತೀವಿ. ವಾದ ಅಂದರೆ ನಮಗೆ ಕೋರ್ಟು, ಲಾಯರು. ಒಬ್ಬರ ವಾದ ಇದ್ದರೆ ಇನ್ನೊಬ್ಬರ ಪ್ರತಿವಾದ ಇರಲೇಬೇಕು ಅನ್ಸುತ್ತೆ. ಆದರೆ ವಿಜ್ಞಾನದಲ್ಲಿ ಸಿದ್ಧಾಂತ ಅಂದರೆ ಊಹೆಯಲ್ಲ. ಬಂಡೆ, ಪಳೆಯುಳಿಕೆ, ಡಿಎನ್‌ಎ ಎಲ್ಲದರ ಸಾಕ್ಷಿಯನ್ನೂ ಒಟ್ಟಿಗೆ ವಿವರಿಸಿ ಗೆದ್ದು ನಿಂತ ಚೌಕಟ್ಟು. ಇನ್ನೊಂದು ಪದ 'ವಿಕಾಸ'. ಅರಳೋದು, ಉದ್ಧಾರ ಆಗೋದು ಅನ್ನೋ ಅರ್ಥ ಅದರ ಜೊತೆ ಬಂದುಬಿಡುತ್ತೆ. ಜೀವವಿಕಾಸ ಉದ್ಧಾರ ಅಲ್ಲ, ಬದಲಾವಣೆ. ಇದ್ದ ರೆಕ್ಕೆಯ ಶಕ್ತಿ ಹೋಗೋದೂ ವಿಕಾಸವೇ.

ರೆಕ್ಕೆಯ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮ ಜಿಲ್ಲೆಯಲ್ಲಿ ರೇಷ್ಮೆ ಹುಳು ಮನೆ ನೋಡದವರು ಕಡಿಮೆ. ಗೂಡು ಸೀಳಿ ಬರುವ ಚಿಟ್ಟೆ ನೋಡಿದ್ದೀರಾ? ರೆಕ್ಕೆ ಇದೆ, ಪಟಪಟ ಅನ್ನುತ್ತೆ, ಹಾರಲ್ಲ. ಇದರ ಕಾಡು ಬಂಧು ಚೀನಾ ಕಡೆ ಇವತ್ತಿಗೂ ಹಾರಾಡುತ್ತೆ. ಸಾವಿರಾರು ವರ್ಷ ಜನ ಏನು ಮಾಡಿದರು? ದಪ್ಪ ಗೂಡು ಕಟ್ಟಿದ್ದು, ತಟ್ಟೆ ಬಿಟ್ಟು ಓಡಿ ಹೋಗದೇ ಇದ್ದದ್ದು, ಇಂಥವನ್ನೇ ಮುಂದಿನ ಬೆಳೆಗೆ ಇಟ್ಟುಕೊಂಡರು. ಹಾರೋ ಹುಳ ಯಾರಿಗೂ ಬೇಕಿರಲಿಲ್ಲ. ಇವತ್ತು ಹಿಪ್ಪುನೇರಳೆ ಸೊಪ್ಪು ನಾವು ತಂದು ಹಾಕದಿದ್ದರೆ ಆ ಹುಳ ಬದುಕಲ್ಲ.

ಶ್ರೀನಿವಾಸಪುರದವರಿಗೆ ಮಾವಿನ ಉದಾಹರಣೆ ಇನ್ನೂ ಹತ್ತಿರ. ಬಾದಾಮಿ ಹಣ್ಣಿನ ವಾಟೆ ನೆಟ್ಟರೆ ಬಾದಾಮಿಯೇ ಬರುತ್ತೆ ಅಂತ ಗ್ಯಾರಂಟಿ ಇಲ್ಲ, ಅದಕ್ಕೇ ತಾನೇ ಕಸಿ ಕಟ್ಟೋದು? ಬೀಜದಿಂದ ಬಂದ ಪ್ರತಿ ಗಿಡವೂ ಸ್ವಲ್ಪ ಬೇರೆ. ಆ ಬೇರೆತನದಲ್ಲಿ ಒಳ್ಳೇದನ್ನ ಆರಿಸಿದ್ದರಿಂದಲೇ ನಮಗೆ ಇಷ್ಟು ತಳಿ. ಮಲ್ಲಿಕಾ ಇದೆಯಲ್ಲ, ಅದು ನೀಲಂ ಮತ್ತು ದಶೇರಿ ಕೂಡಿಸಿ ವಿಜ್ಞಾನಿಗಳು ಮಾಡಿದ್ದು. 1859ರಲ್ಲಿ ಡಾರ್ವಿನ್ ತಮ್ಮ ಪುಸ್ತಕ ಶುರು ಮಾಡಿದ್ದೂ ಮಂಗನಿಂದಲ್ಲ. ಸಾಕಿದ ಪಾರಿವಾಳ, ಬೆಳೆಸಿದ ಗಿಡಗಳಿಂದ. ರೈತ ಆರಿಸೋ ಹಾಗೆ ನಿಸರ್ಗದಲ್ಲಿ ಯಾರು ಆರಿಸ್ತಾರೆ ಅಂತ ಕೇಳಿ, ಬರ, ರೋಗ, ಹಸಿವು, ಸಂಗಾತಿಗಾಗಿ ಪೈಪೋಟಿ ಇವೇ ಆರಿಸ್ತವೆ ಅಂದರು. ಮನುಷ್ಯರ ಮಾತು ಆ ಪುಸ್ತಕದಲ್ಲಿ ಹೆಚ್ಚೂ ಕಡಿಮೆ ಇಲ್ಲವೇ ಇಲ್ಲ. 'ಮಂಗನಿಂದ ಮಾನವ' ಅನ್ನೋದೂ ತಪ್ಪು ಸಾಲು. ಚಿಂಪಾಂಜಿ ನಮಗೆ ತಾತ ಅಲ್ಲ, ಸುಮಾರು 60–70 ಲಕ್ಷ ವರ್ಷದ ಹಿಂದೆ ಭಾಗ ಆದ ದಾಯಾದಿ.

ಸರಿ, ದಶಾವತಾರ. ಮೀನು, ಆಮೆ, ಹಂದಿ, ಅರ್ಧ ಸಿಂಹ, ವಾಮನ, ಆಮೇಲೆ ಮನುಷ್ಯ. ನೀರಿನಿಂದ ನೆಲಕ್ಕೆ ಬಂದ ಹಾಗೇ ಕಾಣುತ್ತೆ, ಒಪ್ಪಿಕೊಳ್ತೀನಿ. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ದೊಡ್ಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಕೂಡ ಈ ಹೋಲಿಕೆ ಮಾಡಿದ್ದರು. ಆದರೆ ಹೋಲಿಕೆ ಬೇರೆ, ಪುರಾವೆ ಬೇರೆ. ರಾಮಾಯಣದಲ್ಲೇ ಪರಶುರಾಮ ಬಂದು ರಾಮನ ಎದುರು ನಿಲ್ತಾನೆ. ಒಂದು ಜೀವಿ ಇನ್ನೊಂದಾಗೋ ಕಥೆಯಾದರೆ ಇಬ್ಬರೂ ಒಂದೇ ದಿನ ಒಂದೇ ದಾರಿಯಲ್ಲಿ ಸಿಗೋದು ಹೇಗೆ? ಅವತಾರ ಅಂದರೆ ಭಕ್ತರ ಕಷ್ಟಕ್ಕೆ ದೇವರು ಇಳಿದು ಬರೋದು. ಅದಕ್ಕೆ ಡಾರ್ವಿನ್ ಸರ್ಟಿಫಿಕೇಟು ಬೇಕಾ? ಸರ್ಟಿಫಿಕೇಟು ಕೇಳಿದ ಕೂಡಲೇ ಪುರಾಣವೂ ಸಣ್ಣದಾಗುತ್ತೆ, ವಿಜ್ಞಾನವೂ ಸಣ್ಣದಾಗುತ್ತೆ. ಆ ಹುಡುಗನಿಗೆ ನನ್ನ ಉತ್ತರ: ಇಲ್ಲ ತಮ್ಮಾ, ಇಲ್ಲ.

ಮುಳಬಾಗಿಲ ಹತ್ತಿರ ಆವಣಿ ಬೆಟ್ಟಕ್ಕೆ ಹೋಗಿ. ಸೀತಮ್ಮ ಇದ್ದದ್ದು, ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಜನ ಹರಕೆ ಹೊರ್ತಾರೆ. ಕಾಲ ಕೆಳಗಿನ ಬಂಡೆಯ ವಯಸ್ಸು ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚು. ಕೆಜಿಎಫ್ ಕಡೆ ಪೆದ್ದಪಲ್ಲಿಯಲ್ಲಿ ದಿಂಬಿನಾಕಾರದ ಲಾವಾ ಬಂಡೆಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಆಗಿದೆ. ಲಾವಾ ನೀರಿನೊಳಗೆ ಉಕ್ಕಿ ತಟ್ಟನೆ ತಣ್ಣಗಾದರೆ ಮಾತ್ರ ಆ ಆಕಾರ ಬರೋದು. ಅಂದರೆ ನೀರಿಗೆ ಸಾವಿರಾರು ಅಡಿ ಬೋರ್ ಕೊರೆಯೋ ನಮ್ಮ ನೆಲ ಸುಮಾರು 270 ಕೋಟಿ ವರ್ಷದ ಹಿಂದೆ ನೀರಿನ ಅಡಿ ಇತ್ತು! ಈ ಲೆಕ್ಕ ತಲೆಗೆ ಹೋಗದೆ ವಿಕಾಸ ಅರ್ಥ ಆಗಲ್ಲ. ಅದಕ್ಕೆ ಬೇಕಿರೋದು ಮುಖ್ಯವಾಗಿ ಸಮಯ.

ಇನ್ನು ಅಬ್ಬಾ ಕೇಳಿದ ಪ್ರಶ್ನೆ. ಅದು ವಿಜ್ಞಾನದ ಪ್ರಶ್ನೆ ಅಲ್ಲ ತಂಗೀ, ಮಗಳು ಕೈ ತಪ್ಪಿ ಹೋಗ್ತಾಳೇನೋ ಅನ್ನೋ ಭಯ. ಅದಕ್ಕೆ ಪಳೆಯುಳಿಕೆ ತೋರಿಸಿ ಉತ್ತರ ಕೊಡೋಕಾಗಲ್ಲ. ಆದರೆ ಒಂದಷ್ಟು ವಿಷಯ ಗೊತ್ತಿದ್ದರೆ ಮಾತು ಹಗುರ ಆಗುತ್ತೆ. ಇಸ್ಲಾಮಿನಲ್ಲಿ ಇದರ ಬಗ್ಗೆ ಒಂದೇ ತೀರ್ಪು ಇಲ್ಲ. ಪೂರ್ತಿ ಬೇಡ ಅನ್ನೋ ವಿದ್ವಾಂಸರಿದ್ದಾರೆ, ಪ್ರಾಣಿ–ಸಸ್ಯಗಳಿಗೆ ಒಪ್ಪಿ ಆದಂ ಅವರನ್ನ ಮಾತ್ರ ಹೊರಗಿಡುವವರಿದ್ದಾರೆ, ಪೂರ್ತಿ ಒಪ್ಪುವವರೂ ಇದ್ದಾರೆ. 2017ರಲ್ಲಿ ಟರ್ಕಿ ಶಾಲೆಯ ಪಾಠದಿಂದ ವಿಕಾಸ ತೆಗೀತು. ಇರಾನಿನ ಶಾಲೆಗಳಲ್ಲಿ ಅದು ಪಾಠದಲ್ಲೇ ಇದೆ. ಒಂಬತ್ತನೇ ಶತಮಾನದಲ್ಲಿ ಬಸ್ರಾದ ಅಲ್–ಜಾಹಿಜ್ ಪ್ರಾಣಿಗಳ ಮೇಲೆ ಸಂಪುಟಗಟ್ಟಲೆ ಬರೆದ, ಒಂದು ಇನ್ನೊಂದನ್ನ ತಿಂದು ಬದುಕೋ ಹೋರಾಟ ಗಮನಿಸಿದ. ಅವನನ್ನ 'ಡಾರ್ವಿನ್‌ಗಿಂತ ಮೊದಲ ಡಾರ್ವಿನ್' ಅನ್ನೋ ಫಾರ್ವರ್ಡ್‌ಗಳು ಬರ್ತವೆ, ಅದೂ ದಶಾವತಾರದ ಸರ್ಟಿಫಿಕೇಟಿನಂಥದ್ದೇ. ಕ್ರೈಸ್ತರಲ್ಲೂ ಹಾಗೇ: ಕ್ಯಾಥೊಲಿಕ್ ಚರ್ಚಿನ ಪೋಪ್ 1950ರಲ್ಲಿ ಈ ಬಗ್ಗೆ ಸಂಶೋಧನೆಗೆ ಅಡ್ಡಿಯಿಲ್ಲ ಅಂದರು, 1996ರಲ್ಲಿ ಇನ್ನೊಬ್ಬ ಪೋಪ್ ಇದು ಬರೀ ಊಹೆಯಲ್ಲ ಅಂದರು. ಬೈಬಲಿನ ಆರು ದಿನ ಅಕ್ಷರಶಃ ಆರೇ ದಿನ ಅನ್ನೋ ಚರ್ಚುಗಳೂ ಇವೆ.

ನಾನಾಗಿದ್ದರೆ ಅಬ್ಬಾಗೆ ಉತ್ತರ ಹೇಳೋ ಮೊದಲು ಪುಸ್ತಕವನ್ನೇ ಕೊಡ್ತಿದ್ದೆ. ಎಲ್ಲಿ ನೋವಾಯ್ತೋ ಆ ಪುಟಕ್ಕೆ ಗುರುತು ಹಾಕಿ ಅಂತಿದ್ದೆ. ಆಮೇಲೆ ಆ ಪುಟದ ಬಗ್ಗೆ ಮಾತ್ರ ಮಾತು.

ಮಾಲೂರಿನವರಿಗೆ ಸ್ವಲ್ಪ ಜಗಳ ಮಾಡೇ ಹೇಳ್ಬೇಕು. ನಂಬೋರಿಗೆ ವಿಜ್ಞಾನ ವೇಸ್ಟ್ ಅನ್ನೋದು ನಿಜವಾಗಿದ್ದರೆ ವಿಕಾಸ ವಿಜ್ಞಾನದ ಅರ್ಧ ಕಟ್ಟಡವೇ ಬಿದ್ದುಹೋಗಬೇಕಿತ್ತು. ಅಮೆರಿಕದಲ್ಲಿ ಡಾರ್ವಿನ್ ಪರ ಮೊದಲು ನಿಂತ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಚರ್ಚಿಗೆ ಹೋಗೋ ಕ್ರೈಸ್ತ. ವಿಕಾಸದ ಬೆಳಕು ಇಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಅಂತ 1973ರಲ್ಲಿ ಬರೆದ ಡಾಬ್‌ಝಾನ್ಸ್ಕಿ ಆರ್ಥೊಡಾಕ್ಸ್ ಕ್ರೈಸ್ತ. ಅದೇ ಕಟ್ಟಡಕ್ಕೆ ಕಲ್ಲು ಹೊತ್ತ ಹಾಲ್ಡೇನ್ ನಾಸ್ತಿಕ, ಕಮ್ಯುನಿಸ್ಟ್ ಆಗಿದ್ದವರು. ಡಾರ್ವಿನ್ ಪಾದ್ರಿಯಾಗೋಕೆ ಅಂತ ಕೇಂಬ್ರಿಡ್ಜ್ ಸೇರಿ, ಕೊನೆಗೆ ತಮ್ಮನ್ನ ಅಜ್ಞೇಯವಾದಿ ಅಂತ ಕರೆದುಕೊಂಡರು.

ನಮ್ಮಲ್ಲೇ ಎಚ್. ನರಸಿಂಹಯ್ಯ ಇದ್ದರು. ಹುಟ್ಟಿದ್ದು 1920, ಗೌರಿಬಿದನೂರು ತಾಲ್ಲೂಕಿನ ಹೊಸೂರು, ಆಗ ಅದು ಕೋಲಾರ ಜಿಲ್ಲೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷಿಸೋಕೆ ಸಮಿತಿ ಮಾಡಿದರು. ಅವರ ಒಂದು ಪುಸ್ತಕದ ಹೆಸರೇ 'ತೆರೆದ ಮನ'. ಅವರು ಕೈ ಹಾಕಿದ್ದು ಪರೀಕ್ಷೆ ಮಾಡಬಹುದಾದ ಮಾತಿಗೆ. ಗಾಳಿಯಿಂದ ವಸ್ತು ಬಂತು ಅಂದರೆ ಬನ್ನಿ ನೋಡೋಣ ಅನ್ನಬಹುದು. ಸಾವಿನ ಮನೆಯಲ್ಲಿ ಅಜ್ಜಿ ಪ್ರಾರ್ಥನೆ ಮಾಡ್ತಾ ಕೂತರೆ ಅಲ್ಲಿ ಪರೀಕ್ಷೆಗೆ ಏನಿದೆ? ನಾನು ಓದುವಾಗ ಪೆನ್ಸಿಲ್ ಹಿಡಿದು ಇದನ್ನೇ ಮಾಡ್ತೀನಿ: ಈ ಸಾಲು ಜಗತ್ತಿನಲ್ಲಿ ಹೀಗಾಯ್ತು ಅನ್ನುತ್ತಾ, ಹೀಗೆ ಬದುಕು ಅನ್ನುತ್ತಾ? ಮೊದಲನೇದಾದರೆ ಸಾಕ್ಷಿ ಕೇಳ್ತೀನಿ, ಬರೆದವರು ಸ್ವಾಮೀಜಿಯಾಗಲಿ ವಿಜ್ಞಾನಿಯಾಗಲಿ. ವಿಜ್ಞಾನಿಗಳೂ ಕೆಲವೊಮ್ಮೆ ವಿಕಾಸದಿಂದ ದೇವರಿಲ್ಲ ಅಂತ ಸಾಬೀತಾಯ್ತು ಅಂತಾರೆ, ಡಿಎನ್‌ಎಯಲ್ಲಿ ಅಂಥ ಸಾಲು ಎಲ್ಲೂ ಇಲ್ಲ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದವರಿಗೆ: ತೇಜಸ್ವಿಯವರ 'ಮಿಸ್ಸಿಂಗ್ ಲಿಂಕ್' ಚಿಕ್ಕದು, ಮನುಷ್ಯರ ವಿಕಾಸದ ಬಗ್ಗೆ, ಎರಡು ಸಂಜೆ ಸಾಕು. ಸ್ವಾಮಿಯವರ 'ಹಸುರು ಹೊನ್ನು' ನಗಿಸ್ತಾ ಗಿಡ ಪರಿಚಯ ಮಾಡಿಸುತ್ತೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೇಳಿ, ಅಲ್ಲಿಲ್ಲದಿದ್ದರೆ ಕೋಲಾರದ ಜಿಲ್ಲಾ ಗ್ರಂಥಾಲಯ. ಬಿ.ಇಡಿ ಮುಗಿಸಿ ಪಾಠಕ್ಕೆ ನಿಂತಾಗ ಮಕ್ಕಳು "ಮಿಸ್, ನೀವು ದೇವರನ್ನ ನಂಬ್ತೀರಾ?" ಅಂತ ಕೇಳೇ ಕೇಳ್ತಾರೆ. ಆಗ ಅವರ ಕೈಗೆ ಎರಡು ಮಾವಿನ ವಾಟೆ ಕೊಟ್ಟು ನೆಡೋಕೆ ಹೇಳಿ, ಎರಡೂ ಒಂದೇ ಹಣ್ಣಿನ ಜಾತಿಯವು. ಎಲೆ ಬಂದ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲಿ.