ತಾಳವಾಡಿಯಲ್ಲಿ ಮತ ಹಾಕಿದರೆ ಗಡಿ ಸರಿಯುವುದೇ?

ತಮಿಳುನಾಡಿನ ತಾಳವಾಡಿ ಬೆಟ್ಟದ ದೊಡ್ಡ ಗಾಜನೂರಿನ ನಟ ರಾಜ್‌ಕುಮಾರ್ ಹೆಸರು ಬಂದಾಗಲೆಲ್ಲ ಈ ಮಾತೂ ಹಿಂದೆಯೇ ಬರುತ್ತದೆ: ತಾಳವಾಡಿ ಬೆಟ್ಟದವರು ಕನ್ನಡಿಗರೇ ತಾನೆ, ಒಂದು ಜನಮತ ನಡೆಸಿದರೆ ಕರ್ನಾಟಕಕ್ಕೆ ಸೇರಿಬಿಡುತ್ತದೆ.

ಸೇರುವುದಿಲ್ಲ. ಓದಿದವರೂ ಇದನ್ನು ನಂಬುವುದು ಬೇಸರದ ಸಂಗತಿ. ರಾಜ್ಯಗಳ ಗಡಿ ಬದಲಿಸುವ ಅಧಿಕಾರವನ್ನು ಸಂವಿಧಾನದ 3ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಮಸೂದೆಗೆ ರಾಷ್ಟ್ರಪತಿಯ ಶಿಫಾರಸು ಬೇಕು, ಆಯಾ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು; ಆ ಅಭಿಪ್ರಾಯದಂತೆಯೇ ನಡೆಯಬೇಕೆಂದಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ಬೇಡವೆಂದರೂ ತೆಲಂಗಾಣ ಹುಟ್ಟಿತು. ಊರವರ ಮತಕ್ಕೆ ಈ ವಿಧಿಯಲ್ಲಿ ಜಾಗವೇ ಇಲ್ಲ. 1967ರ ಜನವರಿ 16ರಂದು ಗೋವಾದ ಜನರನ್ನು ಕೇಳಿದ್ದು ನಿಜ, ಆದರೆ ಅದಕ್ಕೆಂದೇ ಸಂಸತ್ತು ಬೇರೆ ಕಾಯ್ದೆ ಮಾಡಬೇಕಾಯಿತು.

ಜನಮತವೆಂದರೆ ಅಲ್ಲೇ ಬಾಳುವವರ ದನಿ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಉದಾಹರಣೆಗೆ, ಇಸ್ರೇಲ್ ತನ್ನ ಕಾನೂನು ನಡೆಯುವ ನೆಲವನ್ನು ಬಿಟ್ಟುಕೊಡಬೇಕಾದರೆ 120 ಸದಸ್ಯರ ಸಂಸತ್ತಿನಲ್ಲಿ 80 ಮತ ಬೇಕು, ಇಲ್ಲವೇ ಜನಮತ ನಡೆಯಬೇಕು. 2014ರ ಮೂಲ ಕಾನೂನು ಹಾಗೆನ್ನುತ್ತದೆ. ಅಲ್ಲಿ ಮತ ಹಾಕುವವರು ಇಸ್ರೇಲಿನ ಮತದಾರರು. ಆ ನೆಲದಲ್ಲೇ ಬಾಳುವ, ಇಸ್ರೇಲಿ ಪೌರತ್ವವಿಲ್ಲದ ಪ್ಯಾಲೆಸ್ಟೀನಿಯರನ್ನು ಕೇಳುವವರಿಲ್ಲ. ಒಂದೇ ಗ್ರಂಥವಾಗಿ ಬರೆದ ಸಂವಿಧಾನ ಆ ದೇಶಕ್ಕಿಲ್ಲ, ಇಂಥ ಮೂಲ ಕಾನೂನುಗಳೇ ಅದರ ಆಧಾರ. 2018ರಲ್ಲಿ ಇನ್ನೊಂದು ಮೂಲ ಕಾನೂನು ಅರಬ್ಬಿಯನ್ನು ಅಧಿಕೃತ ಭಾಷೆಯ ಸ್ಥಾನದಿಂದ ಇಳಿಸಿತು. ಗಡಿ ಒಂದಿಂಚೂ ಸರಿಯಲಿಲ್ಲ, ಭಾಷೆ ಮಾತ್ರ ಸ್ಥಾನ ಕಳೆದುಕೊಂಡಿತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ತಾಳವಾಡಿಯನ್ನು ಮೈಸೂರು ರಾಜ್ಯದಿಂದ ಕಿತ್ತುಕೊಂಡರು ಎಂಬುದೂ ಸುಳ್ಳು. ಅದು ಮೊದಲೇ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅದೇ ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು.

ತಮಿಳುನಾಡಿನಲ್ಲಿ ಕನ್ನಡಕ್ಕೆ ಹಕ್ಕೇ ಇಲ್ಲ ಎನ್ನುವವರು 350ಎ ವಿಧಿಯನ್ನು ತೆರೆದು ನೋಡಿಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕು ಎಂದು ಅದು ರಾಜ್ಯಗಳಿಗೆ ಹೇಳುತ್ತದೆ. ನಿಜವಾದ ಇಕ್ಕಟ್ಟು ಬೇರೆ: 2006ರ ತಮಿಳು ಕಲಿಕೆ ಕಾಯ್ದೆ ತಮಿಳನ್ನು ಒಂದನೇ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಹತ್ತರವರೆಗೆ ಕಡ್ಡಾಯ ಮಾಡುತ್ತ ಹೋಯಿತು. ಕನ್ನಡ ಮಾಧ್ಯಮದ ಮಕ್ಕಳ ಮೇಲೆ ಅದರ ಭಾರ ಬಿತ್ತು.

ಮೊಬೈಲಿನಲ್ಲಿ ಬರುವ ಗಡಿ ನಕ್ಷೆಗಳ ಮೇಲೆ ಇರುವ ನಂಬಿಕೆ ಸಂವಿಧಾನದ ಪುಟದ ಮೇಲೆ ಇಲ್ಲ. ಅದೇ ಸಂವಿಧಾನದ 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ಹುದ್ದೆ ಸೃಷ್ಟಿಸಿದೆ, ಆ ಅಧಿಕಾರಿ ರಾಷ್ಟ್ರಪತಿಗೆ ವರದಿ ಕೊಡಬೇಕು. ತಾಳವಾಡಿಯ ಕನ್ನಡ ಶಾಲೆಯಲ್ಲಿ ಮೇಷ್ಟರಿಲ್ಲದಿದ್ದರೆ ಅರ್ಜಿ ಹೋಗಬೇಕಾದ್ದು ಅವರ ಕಚೇರಿಗೆ.