ಗಂಟೆ ಬಾರಿಸುವ ಗೊಂಬೆಗಳು

ಕಾಲವನ್ನು ಅಳೆಯುವುದು ಮನುಷ್ಯನ ಅಗತ್ಯ. ಅಳೆದ ಕಾಲವನ್ನು ಆಟವಾಗಿಸಿ ನೋಡುವುದು ಅವನ ವಿಲಾಸ. ಮೊದಲನೆಯದಕ್ಕೆ ಎರಡು ಮುಳ್ಳುಗಳ ಸಾಧಾರಣ ಗಡಿಯಾರ ಸಾಕು. ಎರಡನೆಯದಕ್ಕಾಗಿ ಹುಟ್ಟಿದವು ಕೀಲುಗೊಂಬೆಗಳ ಗಡಿಯಾರಗಳು. ಗಂಟೆಯಾದೊಡನೆ ಬಾಗಿಲು ತೆರೆದು ಕೂಗುವ ಹಕ್ಕಿ, ಜಾಗಟೆ ಬಡಿಯುವ ಮುದುಕ, ಗರಿಗೆದರುವ ನವಿಲು, ಹೀಗೆ ಅವುಗಳ ಬಗೆ ಹಲವು. ಇಂಥ ಹಳೆಯ ಗಡಿಯಾರಗಳನ್ನು ದೊಡ್ಡ ಬೆಲೆ ಕೊಟ್ಟು ಕೊಳ್ಳುವ ಸಂಗ್ರಾಹಕರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಆ ಬೆಲೆ ಯಾವುದಕ್ಕೆ? ಚಿನ್ನದ ಮುಲಾಮಿಗೋ, ವಯಸ್ಸಿಗೋ, ಬೇರೆ ಯಾವುದಾದರೂ ಗುಣಕ್ಕೋ? ಈ ಪ್ರಶ್ನೆಯನ್ನು ಕುರಿತು ಕೊಂಚ ವಿಚಾರ ಮಾಡಬಹುದು.

ನಮಗೆ ಹತ್ತಿರದ ಉದಾಹರಣೆಯೆಂದರೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಡಿಯಾರ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರ (1889–1949) ಅಪಾರ ಸಂಗ್ರಹಕ್ಕೆ ಸೇರಿದ ಅದು ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಸಂಸ್ಥೆಯ ಹೆಸರನ್ನು ಹೊತ್ತಿದೆ. ಅದರಲ್ಲಿ ಕಮ್ಮಾರನ ಗೊಂಬೆಯೊಂದು ಸೆಕೆಂಡಿಗೊಂದರಂತೆ ಸುತ್ತಿಗೆಯ ಪೆಟ್ಟು ಹಾಕುತ್ತಿರುತ್ತದೆ. ಗಂಟೆಯಾಗಲು ಕೆಲವೇ ನಿಮಿಷಗಳಿರುವಾಗ ಗಡ್ಡದ ಪುಟ್ಟ ಗೊಂಬೆ ಹೊರಬಂದು, ಗಂಟೆ ಎಷ್ಟೋ ಅಷ್ಟು ಸಲ ಜಾಗಟೆ ಬಾರಿಸಿ ಒಳಹೋಗುತ್ತದೆ. ಅದೇ ಸಂಗ್ರಹಾಲಯದಲ್ಲಿ ಬೆನ್ಜೋನಿ ಎಂಬ ಶಿಲ್ಪಿ ಕಡೆದ, ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಪ್ರತಿಮೆಯಿದೆ. ಅದರ ಮುಂದೆ ಮೈಮರೆತು ನಿಂತವರೂ ಹನ್ನೆರಡು ಗಂಟೆ ಸಮೀಪಿಸಿದೊಡನೆ ಗಡಿಯಾರದತ್ತ ಸರಿಯುತ್ತಾರೆ. ಶಿಲೆ ಕಾಯುತ್ತದೆ; ಗೊಂಬೆ ಕಾಯುವುದಿಲ್ಲ.

ಈ ಗೊಂಬೆಯನ್ನು ಆಡಿಸುವ ಶಕ್ತಿ ಯಾವುದು? ಮುಳ್ಳುಗಳನ್ನು ನಡೆಸುವ ಯಂತ್ರವೇ ಗೊಂಬೆಯನ್ನೂ ಹೊತ್ತು ತಿರುಗಬೇಕಾದರೆ ಗಡಿಯಾರ ಹೊತ್ತು ತಪ್ಪುತ್ತದೆ. ಆದುದರಿಂದ ಗೊಂಬೆಗಳಿಗೆ ಬೇರೆಯೇ ಒಂದು ಸ್ಪ್ರಿಂಗನ್ನೋ ತೂಕದ ಗುಂಡನ್ನೋ ಇಟ್ಟು, ಅದನ್ನೊಂದು ಕೊಂಡಿಯಿಂದ ತಡೆದಿರುತ್ತಾರೆ. ಗಂಟೆಯಾದಾಗ ಮುಳ್ಳಿನ ಯಂತ್ರ ಆ ಕೊಂಡಿಯನ್ನು ಎತ್ತುತ್ತದೆ, ಅಷ್ಟೆ. ಕೆರೆಯ ತೂಬನ್ನು ಎತ್ತುವವನು ನೀರನ್ನು ತಳ್ಳುವುದಿಲ್ಲವಷ್ಟೆ! ಬಿಡುಗಡೆಯಾದ ಶಕ್ತಿ ಒಂದೇ ಉಸಿರಿಗೆ ಸುರಿದುಹೋಗದಂತೆ ಗಾಳಿಯನ್ನು ಕಡೆಯುವ ಸಣ್ಣ ರೆಕ್ಕೆಯೊಂದು ವೇಗವನ್ನು ಹಿಡಿದಿಡುತ್ತದೆ. ಇನ್ನು ಗೊಂಬೆಯ ಕೈ ಯಾವಾಗ ಏಳಬೇಕು, ಕತ್ತು ಎಷ್ಟು ಹೊರಳಬೇಕು ಎಂಬುದೆಲ್ಲ ತಿರುಗುವ ಲೋಹದ ಬಿಲ್ಲೆಗಳ ಅಂಚಿನ ಉಬ್ಬುತಗ್ಗುಗಳಲ್ಲಿ ಅಡಗಿದೆ. ಆ ಅಂಚಿನ ಮೇಲೆ ಜಾರುವ ಸನ್ನೆಗೋಲು ಏರಿಳಿದಂತೆ ಗೊಂಬೆ ಆಡುತ್ತದೆ. ಅರ ಹಿಡಿದು ಆ ಅಂಚನ್ನು ಉಜ್ಜಿದ ಕುಶಲಿಯ ಮನಸ್ಸಿನ ಬರವಣಿಗೆಯೇ ಅದು.

ಈ ಕುತೂಹಲ ಹಳೆಯದು. ಹನ್ನೊಂದನೆಯ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯವಿದೆ. 1206ರಲ್ಲಿ ತನ್ನ ಯಂತ್ರಗ್ರಂಥವನ್ನು ಮುಗಿಸಿದ ಅಲ್ ಜಝರಿ ವರ್ಣಿಸುವ ಆನೆ ಗಡಿಯಾರದಲ್ಲಂತೂ ಆನೆಯ ಹೊಟ್ಟೆಯೊಳಗಿನ ನೀರಿನಲ್ಲಿ ತೂತುಬಟ್ಟಲೊಂದು ತೇಲುತ್ತದೆ. ಅರ್ಧ ಗಂಟೆಗೊಮ್ಮೆ ಅದು ಮುಳುಗಿದಾಗ ಹಗ್ಗ ಜಗ್ಗಿ ಮೇಲಿನ ಗೊಂಬೆಗಳೆಲ್ಲ ಜೀವ ತಳೆಯುತ್ತವೆ. ನಮ್ಮ ಹಿರಿಯರು ಮುಹೂರ್ತ ನೋಡುತ್ತಿದ್ದ ಗಳಿಗೆಬಟ್ಟಲೂ ಇಂಥದೇ.

ಬೆಲೆಯ ಮಾತಿಗೆ ಬಂದರೆ, ಹದಿನೆಂಟನೆಯ ಶತಮಾನದ ಲಂಡನ್ನಿನ ಜೇಮ್ಸ್ ಕಾಕ್ಸನ ಕಥೆಯನ್ನು ನೆನೆಯಬೇಕು. ಚೀನಾದ ಚಕ್ರವರ್ತಿಗೂ ರಷ್ಯದ ಶ್ರೀಮಂತರಿಗೂ ಕೀಲುಗೊಂಬೆಗಳನ್ನು ಒದಗಿಸಿದವನು ಅವನು. 1772ರಲ್ಲಿ ಲಂಡನ್ನಿನಲ್ಲೇ ಒಂದು ಪ್ರದರ್ಶನಾಲಯವನ್ನು ತೆರೆದ. ಸಾಲ ಏರಿದಾಗ ಅದರ ವಸ್ತುಗಳನ್ನು ಲಾಟರಿಗೆ ಇಡಬೇಕಾಯಿತು. ಅವನ ಹೆಸರಿನೊಡನೆ ಬಂದ ಬೆಳ್ಳಿಯ ಹಂಸವನ್ನು ಜಾನ್ ಬೋವ್ಸ್ ಎಂಬಾತ 1872ರಲ್ಲಿ 200 ಪೌಂಡಿಗೆ ಕೊಂಡ. ಇಂದು ಅದು ಆತ ಕಟ್ಟಿಸಿದ ವಸ್ತುಸಂಗ್ರಹಾಲಯದ ಲಾಂಛನ. ಅವನದೇ ನವಿಲಿನ ಗಡಿಯಾರ 1781ರಲ್ಲಿ ಬಿಡಿಭಾಗಗಳಾಗಿ ರಷ್ಯಕ್ಕೆ ತಲಪಿತು. ಕುಲಿಬಿನ್ ಎಂಬ ರಷ್ಯದ ಯಂತ್ರಜ್ಞ 1790ರ ದಶಕದಲ್ಲಿ ಅವನ್ನು ಜೋಡಿಸಿ ಆಡಿಸಿದ. ಆ ಕೈ ದೊರೆಯದಿದ್ದರೆ ಹರ್ಮಿಟೇಜಿನ ಹೆಮ್ಮೆಯಾದ ಆ ನವಿಲು ಬುಟ್ಟಿಯಲ್ಲಿ ತುಂಬಿಟ್ಟ ಲೋಹದ ಚೂರುಗಳಾಗಿಯೇ ಉಳಿಯುತ್ತಿತ್ತು.

ಅನುಭವಿ ಸಂಗ್ರಾಹಕ ಮೊದಲು ನೋಡುವುದು ವಯಸ್ಸನ್ನಲ್ಲ. ಜರ್ಮನಿಯ ಕಪ್ಪುಕಾಡಿನ ಸೀಮೆಯಲ್ಲಿ ತಯಾರಾದ ಕೋಗಿಲೆ ಗಡಿಯಾರಗಳು ಹೇರಳವಾಗಿವೆ. ಹಳೆಯದಾದ ಮಾತ್ರಕ್ಕೆ ಅವೆಲ್ಲ ದುಬಾರಿಯಲ್ಲ. ಹೊರಗಿನ ಗೂಡು, ಒಳಗಿನ ಯಂತ್ರ, ಮೇಲಿನ ಗೊಂಬೆ ಈ ಮೂರೂ ಹುಟ್ಟಿನಿಂದ ಒಟ್ಟಿಗೆ ಬಂದವೇ ಎಂಬುದು ಅವನ ಮೊದಲ ಪ್ರಶ್ನೆ. ಒಂದರ ಗೂಡಿಗೆ ಇನ್ನೊಂದರ ಯಂತ್ರವನ್ನು ಕೂಡಿಸಿದ್ದರೆ ಪಾಶ್ಚಾತ್ಯ ವ್ಯಾಪಾರಿಗಳು ಅದನ್ನು ‘ಮದುವೆ’ ಎನ್ನುತ್ತಾರೆ. ಈ ಮದುವೆಯಿಂದ ಬೆಲೆ ಇಳಿಯುತ್ತದೆ! ಯಂತ್ರ ಕೂತ ಹಲಗೆಯಲ್ಲಿ ಕೆಲಸಕ್ಕೆ ಬಾರದ ಹಳೆಯ ಸ್ಕ್ರೂ ತೂತುಗಳಿದ್ದರೆ ಅನುಮಾನ ಪಡಬೇಕು. ಅನಂತರ ನೋಡುವುದು ತಯಾರಕನ ಗುರುತು, ಯಾರ ಮನೆಯಿಂದ ಯಾರ ಮನೆಗೆ ಬಂತೆಂಬ ದಾಖಲೆ, ದುರಸ್ತಿಯ ಬಗೆ. ಥಳಥಳಿಸಲೆಂದು ಹೊಸ ಮುಲಾಮು ಹಾಕಿಸಿದ ಗಡಿಯಾರಕ್ಕಿಂತ ಮಂಕಾದ ಹಳೆಯ ಮುಲಾಮಿನ ಗಡಿಯಾರಕ್ಕೇ ಮರ್ಯಾದೆ ಹೆಚ್ಚು. ನಮ್ಮ ದೇಶದಲ್ಲಿ ಕಾನೂನಿನ ಮಾತೂ ಇದೆ: 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಇಲ್ಲೊಂದು ಧರ್ಮಸಂಕಟವಿದೆ. ಗಡಿಯಾರವನ್ನು ನಡೆಸಿದಷ್ಟೂ ಅದರ ಹಲ್ಲುಗಳು ಸವೆಯುತ್ತವೆ. ಸವೆದ ಚಕ್ರವನ್ನು ಬದಲಿಸಿದಷ್ಟೂ ಮೂಲದ ಅಂಶ ಕಡಿಮೆಯಾಗುತ್ತದೆ. ನಡೆಸದೆ ನಿಲ್ಲಿಸಿದರೆ ಎಣ್ಣೆ ಹೆಪ್ಪುಗಟ್ಟಿ ಕೀಲುಗಳು ಬಿಗಿಯುತ್ತವೆ. ಗೊಂಬೆ ಬರಿಯ ಪ್ರತಿಮೆಯಾಗುತ್ತದೆ. ಬೆಳ್ಳಿಯ ಹಂಸವನ್ನು ಈ ಕಾರಣದಿಂದಲೇ ಬಹುಕಾಲ ದಿನಕ್ಕೊಮ್ಮೆ ಮಾತ್ರ ಆಡಿಸುತ್ತಿದ್ದರು. 2020ರಲ್ಲಿ ಸಂಗ್ರಹಾಲಯ ಮುಚ್ಚಿದಾಗ ನಿಂತ ಆ ಹಂಸವನ್ನು ಮತ್ತೆ ಆಡಿಸಲು ಪೂರ್ತಿ ಬಿಚ್ಚಿ ವರ್ಷಗಟ್ಟಲೆ ದುರಸ್ತಿ ಮಾಡಬೇಕಾಯಿತು. ಮಿತವಾಗಿ ನಡೆಸುವುದು, ಕಾಲಕಾಲಕ್ಕೆ ಶುದ್ಧಿ ಮಾಡುವುದು, ಬದಲಿಸಿದ ಭಾಗವನ್ನು ಬರೆದಿಟ್ಟು ಹಳೆಯ ಭಾಗವನ್ನೂ ಜೋಪಾನ ಮಾಡುವುದು: ಬಲ್ಲವರು ಹಿಡಿದಿರುವ ದಾರಿ ಇದು.

ನಮ್ಮ ಊರುಗಳ ಹಳೆಯ ಮನೆಗಳಲ್ಲಿಯೂ ಅಜ್ಜ ತಂದ ಗೋಡೆ ಗಡಿಯಾರವೋ ಕೋಗಿಲೆ ಗಡಿಯಾರವೋ ನಿಂತುಹೋಗಿ ಧೂಳು ಹಿಡಿದಿರಬಹುದು. ಅದರ ಹಿತ್ತಾಳೆಯ ಯಂತ್ರವನ್ನು ಗುಜರಿಗೆ ಹಾಕಿ, ಆ ಜಾಗದಲ್ಲಿ ಬ್ಯಾಟರಿಯ ಪೆಟ್ಟಿಗೆಯೊಂದನ್ನು ಕೂರಿಸಿಬಿಡುವುದು ಬಹಳ ಸುಲಭ. ಮುಳ್ಳುಗಳು ಸರಿಯಾಗಿಯೇ ತಿರುಗುತ್ತವೆ. ಆದರೆ ಗಡಿಯಾರ ಹೋಗಿರುತ್ತದೆ. ಹಾಗೆ ಮಾಡುವ ಮುನ್ನ, ಕೀಲಿಯ ಗಡಿಯಾರವನ್ನು ಬಿಚ್ಚಿ ಕೂಡಿಸಬಲ್ಲ ಹಿರಿಯ ರಿಪೇರಿಗಾರರು ಸುತ್ತಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಬೇಕು. ಅಂಥ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹರಾಜಿನಲ್ಲಿ ಬೆಲೆ ಕೂಗುವವರು ಎಷ್ಟು ಮಂದಿಯಾದರೂ ಇರಲಿ, ಕೀಲಿ ಕೊಟ್ಟು ಸರಿಪಡಿಸುವ ಒಬ್ಬನಿಲ್ಲದಿದ್ದರೆ ಗೊಂಬೆಯ ಬಾಗಿಲು ತೆರೆಯುವುದಿಲ್ಲ.