ಸೊನ್ನೆಯ ಜಾಗದಲ್ಲಿ ಕೂತ ‘ಓ’

ನಮ್ಮ ಸಂತೆಮರಹಳ್ಳಿಯ ಹೆಸರು ನಾಡಿಗೆಲ್ಲ ಗೊತ್ತಾದದ್ದು 2004ರಲ್ಲಿ. ಆ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. ಊರು ಯಾವುದೆಂದು ಹೇಳಿದ ಕೂಡಲೇ ಬೆಂಗಳೂರಿನ ಆಫೀಸಿನಲ್ಲಿ ಯಾರಾದರೊಬ್ಬರು ಇದನ್ನು ಎತ್ತದೆ ಬಿಡುತ್ತಿರಲಿಲ್ಲ. ನಗುತ್ತ ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಒಂದು ಅಕ್ಷರ ಎರಡು ದಿನದ ನಿದ್ದೆ ಕೆಡಿಸಿದ ಮೇಲೆ ನನಗೂ ಹೇಳಲು ಒಂದು ಕತೆಯಾಯಿತು.

ನನ್ನದು ಮೇನ್‌ಫ್ರೇಮ್ ನೋಡಿಕೊಳ್ಳುವ ರಾತ್ರಿಪಾಳಿ. ಯಂತ್ರ ಇದ್ದದ್ದು ಸಾಗರದಾಚೆ, ಕೈಯಲ್ಲಿದ್ದದ್ದು ಹಸಿರು ಅಕ್ಷರದ ಪರದೆ. ಅಂಥ ಯಂತ್ರದ ಆಪರೇಟಿಂಗ್ ಸಿಸ್ಟಂ ಕೂತಿರುವ ಡಿಸ್ಕುಗಳಿಗೆ ತಿದ್ದುಪಡಿ ಹಾಕುವ ಮುನ್ನ ಅವುಗಳ ನಕಲು ಎತ್ತಿಡುವುದು ರೂಢಿ. ಹೊಸದು ಕೈಕೊಟ್ಟರೆ ಹಳೆಯದರಿಂದ ಯಂತ್ರ ಎಬ್ಬಿಸಬಹುದು. ಆ ವಾರ ನಾವು ತಿದ್ದಬೇಕಿದ್ದ ಜೋಡಿ ಆರ್‌ಇಎಸ್‌ಎ01 ಮತ್ತು ಆರ್‌ಇಎಸ್‌ಎ02. ಯಂತ್ರ ಆಗ ಬೇರೆ ಜೋಡಿಯ ಮೇಲೆ ಓಡುತ್ತಿತ್ತು. ಇವೆರಡನ್ನೂ ನಕಲು ಮಾಡಿ, ನಕಲಿನ ಹೆಸರನ್ನು ಆರ್‌ಇಎಸ್‌ಬಿ01, ಆರ್‌ಇಎಸ್‌ಬಿ02 ಎಂದು ಬದಲಿಸಿ, ಆಮೇಲೆ ಮೂಲಕ್ಕೆ ತಿದ್ದುಪಡಿ ಹಾಕುವುದು ಯೋಜನೆ.

ಭಾನುವಾರ ನಸುಕಿನಲ್ಲಿ ಹೊಸ ಜೋಡಿಯಿಂದ ಯಂತ್ರ ಎಬ್ಬಿಸುವಾಗ ಐಇಎ213ಎ ಎಂಬ ಸಂದೇಶ ಬಂದು ನಿಂತಿತು. ಆರ್‌ಇಎಸ್‌ಎ02 ಎಂಬ ಹೆಸರಿನವರು ಇಬ್ಬರಿದ್ದಾರೆ, ಒಬ್ಬರು 0ಎ41 ಎಂಬ ಸಾಧನಸಂಖ್ಯೆಯಲ್ಲಿ, ಇನ್ನೊಬ್ಬರು 0ಬಿ41ರಲ್ಲಿ, ಯಾರು ಹೊರಗಿರಬೇಕು? ಆಚೆ ಕೂತ ಆಪರೇಟರ್ ಒಳಗಿರಬೇಕಾದ ಮೂಲದ ಸಂಖ್ಯೆಯನ್ನೇ ಒತ್ತಿಬಿಟ್ಟ. ಪ್ರಶ್ನೆ ಕೇಳಿದ್ದು ಹೊರಗಿರಬೇಕಾದ್ದನ್ನು. ಆ ಹೊತ್ತಿನಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಯಂತ್ರ ಮೇಲೆದ್ದಿತು, ಎಲ್ಲರೂ ಮನೆಗೆ ಹೋದರು.

ಸೋಮವಾರ ರಾತ್ರಿಯಿಂದ ಬ್ಯಾಚ್ ಕೆಲಸಗಳು ಒಂದೊಂದಾಗಿ ಎಸ್0ಸಿ4 ಎಂಬ ದೋಷಸಂಕೇತ ಕೊಟ್ಟು ಬೀಳತೊಡಗಿದವು. ಮೊದಲು ತಿದ್ದುಪಡಿಯನ್ನೇ ದೂರಿದೆವು. ಡಿಸ್ಕಿನ ಹೆಸರು ನೋಡಿದರೆ ಸರಿ, ಅದರೊಳಗಿನ ಲೈಬ್ರರಿಗಳ ಹೆಸರೂ ಸರಿ. ನಕಲಲ್ಲವೇ, ಹೆಸರಿನಲ್ಲಿ ಏನೂ ತಪ್ಪು ಸಿಗುವುದಿಲ್ಲ. ಆದರೆ ಶನಿವಾರ ಹಾಕಿದ ಮಾಡ್ಯೂಲುಗಳು ಎರಡನೆಯ ಡಿಸ್ಕಿನಲ್ಲಿ ಇರಲೇ ಇಲ್ಲ. ಹಾಕಿದ್ದು ಎಲ್ಲಿ ಹೋಯಿತು ಎಂದು ಎರಡು ದಿನ ತಲೆ ಕೆರೆದುಕೊಂಡೆವು. ಕೊನೆಗೆ ಸಿಕ್ಕಿದ್ದು ಸಿಸ್ಟಂ ಲಾಗ್‌ನಲ್ಲಿ: ಭಾನುವಾರದ ಆ ಪ್ರಶ್ನೆ, ಅದರ ಕೆಳಗೆ ಆ ಉತ್ತರ. ನಾವು ಓಡಿಸುತ್ತಿದ್ದದ್ದು ಅರ್ಧ ಹೊಸದು, ಅರ್ಧ ಹಳೆಯದು.

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವವನು. ಲಾಟಿಗೆ ನಂಬರಿನ ಚೀಟಿ ಹಾಕುವುದನ್ನು ವರ್ಷಗಟ್ಟಲೆ ಕಂಡವನು. “ಎಲ್ಡು ಲಾಟ್‌ಗು ಒಂದೇ ಚೀಟಿ ಅಂದ್ರ ರೇಟ್ ಯಾವ್ದುಕ್ಕ ಕಟ್ಟದು? ಚೀಟಿ ಬದ್ಲಾಯ್ಸೋನು ಎಲ್ಲಿ ಹೋಗಿದ್ನ?” ಅಂದ.

ಅಪ್ಪನ ಎರಡನೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಮುನ್ನ ಈ ಚೀಟಿಯ ಪೂರ್ವಕತೆ ಸ್ವಲ್ಪ.

ಐಬಿಎಂ 1964ರ ಏಪ್ರಿಲ್ 7ರಂದು ಸಿಸ್ಟಂ/360 ಘೋಷಿಸಿದಾಗ ಅದರ ಜೊತೆ ಬಂದ 2311 ಡ್ರೈವಿನಲ್ಲಿ ಡಿಸ್ಕಿನ ಕಟ್ಟನ್ನು ಹೊರತೆಗೆಯಬಹುದಿತ್ತು. ಒಂದು ಕಟ್ಟಿಗೆ ಸುಮಾರು 72 ಲಕ್ಷ ಬೈಟು. ಇಂದು ಈ ಡ್ರೈವಿನಲ್ಲಿದ್ದ ಕಟ್ಟು ನಾಳೆ ಪಕ್ಕದ್ದರಲ್ಲಿ. ಹಾಗಾಗಿ ಹೆಸರು ಡ್ರೈವಿನದಾದರೆ ಪ್ರಯೋಜನವಿಲ್ಲ, ಕಟ್ಟಿನ ಮೈಮೇಲೇ ಇರಬೇಕು. ಮೊದಲ ಸಿಲಿಂಡರಿನ ಮೊದಲ ಟ್ರ್ಯಾಕಿನಲ್ಲಿ ಮೂರನೆಯ ರೆಕಾರ್ಡು ಅದಕ್ಕೆ ಮೀಸಲಾಯಿತು. 80 ಬೈಟು, ಅಂದರೆ ಪಂಚ್ ಕಾರ್ಡಿನ 80 ಕಾಲಮ್ಮುಗಳಷ್ಟು. ಮೊದಲಿಗೆ ವಿ, ಓ, ಎಲ್, 1. ಅದರ ಬೆನ್ನಿಗೆ ಆರು ಅಕ್ಷರದ ಹೆಸರು. ಆ ಹೆಸರು ಬರೆಯಲು ಐಇಎಚ್‌ಡಿಎಎಸ್‌ಡಿಆರ್ ಎಂದು ಉಸಿರುಗಟ್ಟಿಸುವ ಹೆಸರಿನ ಪ್ರೋಗ್ರಾಂ ಒಂದಿತ್ತು. 1970ರ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಐಬಿಎಂ 360/44 ಇದೇ ಮನೆತನದ್ದು. ಕಳಚಿಡುವ ಕಟ್ಟುಗಳು ಹೋಗಿ ಎಷ್ಟೋ ಕಾಲವಾಯಿತು. ಆ ಆರು ಅಕ್ಷರ ಮಾತ್ರ ಹಾಗೇ ಉಳಿದಿದೆ. ಇಡೀ ಡಿಸ್ಕನ್ನು ಹೆಸರಿನ ಸಮೇತ ನಕಲು ಮಾಡು ಎಂದರೆ ಆ ರೆಕಾರ್ಡೂ ಚಾಚೂ ತಪ್ಪದೆ ನಕಲಾಗುತ್ತದೆ.

ಈಗ ಹೆಸರು ಬದಲಿಸುವುದು ಐಸಿಕೆಡಿಎಸ್‌ಎಫ್ ಎಂಬ ಪ್ರೋಗ್ರಾಮಿನ ‘ರಿಫಾರ್ಮ್ಯಾಟ್’ ಆದೇಶ. ಹೊಸ ಹೆಸರಿನ ಜೊತೆಗೆ ‘ವೆರಿಫೈ’ ಎಂದು ಹಳೆಯ ಹೆಸರನ್ನೂ ಕೊಡಬೇಕು. ಡಿಸ್ಕಿನ ಮೇಲಿರುವ ಹೆಸರು ಅದಕ್ಕೆ ತಾಳೆಯಾಗದಿದ್ದರೆ ಅದು ಕೈಯೇ ಹಚ್ಚುವುದಿಲ್ಲ. ನಮ್ಮ ಕೆಲಸದ ಔಟ್‌ಪುಟ್ ತೆಗೆದು ನೋಡಿದರೆ ಮೊದಲನೆಯ ಡಿಸ್ಕು ಸರಿಯಾಗಿ ಬದಲಾಗಿತ್ತು. ಎರಡನೆಯದನ್ನು ಪ್ರೋಗ್ರಾಂ ನಿರಾಕರಿಸಿತ್ತು. ಯಾರೂ ನೋಡಿರಲಿಲ್ಲ. ನಾನೂ.

ಆದರೆ ಯಾಕೆ ನಿರಾಕರಿಸಿತು? ಆದೇಶದಲ್ಲಿ ಆರ್‌ಇಎಸ್‌ಎ02 ಎಂದೇ ಇದೆ. ಮೂರು ಜನ ಕೂತು ಓದಿದೆವು, ಗಟ್ಟಿಯಾಗಿ ಓದಿದೆವು. ಬೇಸತ್ತು ಎಡಿಟರಿನಲ್ಲಿ ‘ಹೆಕ್ಸ್ ಆನ್’ ಎಂದೆ. ಪ್ರತಿ ಅಕ್ಷರದ ಕೆಳಗೂ ಅದರ ಸಂಕೇತ ಎರಡು ಅಂತಸ್ತಿನಲ್ಲಿ ಬಿಚ್ಚಿಕೊಂಡಿತು. ಮೇಲಿನ ಸಾಲು: ಡಿ, ಸಿ, ಇ, ಸಿ, ಡಿ, ಎಫ್. ಕೆಳಗಿನ ಸಾಲು: 9, 5, 2, 1, 6, 2. ಐದನೆಯದು ಡಿ6. ಸೊನ್ನೆಯಾಗಿದ್ದರೆ ಎಫ್0 ಇರಬೇಕಿತ್ತು. ಡಿ6 ಎಂದರೆ ಇಂಗ್ಲಿಷಿನ ‘ಓ’, ಲೇಬಲಿನ ಮೊದಲ ನಾಲ್ಕು ಅಕ್ಷರಗಳಲ್ಲಿ ಎರಡನೆಯದಾಗಿ ಕೂತಿರುವ ಅದೇ ‘ಓ’. ಪರದೆಯ ಮೇಲೆ ಎರಡೂ ಒಂದೇ ದುಂಡು.

‘ವೆರಿಫೈ’ ಬೇಡ, ‘ನೋವೆರಿಫೈ’ ಹಾಕಿ ಬೇಗ ಮುಗಿಸೋಣ ಎಂಬ ಸಲಹೆ ಅವತ್ತೇ ಬಂತು. ನಾನು ಒಪ್ಪಲಿಲ್ಲ. ಆ ಇಡೀ ವಾರದಲ್ಲಿ ತನ್ನ ಕೆಲಸವನ್ನು ನೆಟ್ಟಗೆ ಮಾಡಿದ್ದು ಅದೊಂದೇ.

ಇಲ್ಲಿ ಒಂದು ಸಂಶಯ ಉಳಿದಿತ್ತು. ಹೆಸರು ಬದಲಾದ ನಕಲಿನಿಂದ ಯಂತ್ರ ಎಬ್ಬಿಸಿದರೆ, ಎಲ್ಲ ಫೈಲುಗಳ ವಿಳಾಸ ಬರೆದಿಟ್ಟ ಕ್ಯಾಟಲಾಗ್ ಹಳೆಯ ಹೆಸರನ್ನೇ ಹಿಡಿದು ಕೂರುವುದಿಲ್ಲವೇ? ಊರಿನ ಹೆಸರಿಗೂ ಹೀಗೇ ಆಗುತ್ತದೆ: ನಮ್ಮ ಕಡೆಯ ಅರಿಕುಠಾರಕ್ಕೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದರು. ಕಲ್ಲಿನಲ್ಲಿ ಕೊರೆದ ಹೆಸರು ಅದರಿಂದ ಬದಲಾಗಲಿಲ್ಲ. ಕೈಪಿಡಿಯಲ್ಲಿ ಇದಕ್ಕೊಂದು ಉಪಾಯ ಸಿಕ್ಕಿತು, ಹಳಬರಿಗೆ ಗೊತ್ತಿದ್ದದ್ದೇ. ಕ್ಯಾಟಲಾಗಿನಲ್ಲಿ ಡಿಸ್ಕಿನ ಹೆಸರಿನ ಜಾಗದಲ್ಲಿ ಆರು ನಕ್ಷತ್ರಚಿಹ್ನೆ ಇಟ್ಟರೆ ‘ಯಾವುದರಿಂದ ಎದ್ದೆಯೋ ಅದು’ ಎಂದರ್ಥ. ಎರಡನೆಯ ಡಿಸ್ಕಿಗೆ ಒಂದು ಸಂಕೇತಪದ: ಎದ್ದ ಡಿಸ್ಕಿನ ಹೆಸರಿನ ಮೊದಲ ನಾಲ್ಕು ಅಕ್ಷರ ತೆಗೆದುಕೋ, ಮುಂದೆ 02 ಸೇರಿಸು. ನಮ್ಮಲ್ಲಿ ಯಾರೋ ಪುಣ್ಯಾತ್ಮರು ಇದನ್ನು ಮೊದಲೇ ಹಾಗೆ ಕಟ್ಟಿಟ್ಟಿದ್ದರು. ಆರ್‌ಇಎಸ್‌ಎ01ರಿಂದ ಎದ್ದ ಯಂತ್ರ ಅದರಂತೆಯೇ ಆರ್‌ಇಎಸ್‌ಎ02ನ್ನು ಹುಡುಕಿಕೊಂಡು ಹೋಗಿ, ಇಬ್ಬರನ್ನು ಕಂಡು, ನಮ್ಮನ್ನು ಕೇಳಿತ್ತು.

‘ಓ’ ಅಳಿಸಿ ಸೊನ್ನೆ ಒತ್ತಿ, ಮತ್ತೊಮ್ಮೆ ಹೆಕ್ಸಿನಲ್ಲಿ ನೋಡಿ, ಕೆಲಸ ಬಿಟ್ಟೆ. ಡಿಸ್ಕಿನ ಮೈ ಬದಲಿಸಲೇ ಎಂದು ಕೇಳಿತು, ‘ಯು’ ಎಂದೆ. ಮುಂದಿನ ಭಾನುವಾರ ಯಂತ್ರ ಏನೂ ಕೇಳದೆ ಎದ್ದಿತು. 0ಬಿ41ರಲ್ಲಿ ಕೂತಿದ್ದದ್ದು ಆರ್‌ಇಎಸ್‌ಬಿ02.